ಹಳೆಯ ಕಾರಿನ ಪೆಟ್ರೋಲ್ ಮುಳ್ಳು ಮತ್ತೆ ಏಳುವುದು ಹೇಗೆ?

ಹುಣಸೂರು: ವೀರನಹೊಸಹಳ್ಳಿ ಗೇಟ್ ದಾಟಿ ನಾಗರಹೊಳೆ ಮಾರ್ಗವಾಗಿ ಕುಟ್ಟದತ್ತ ಹೊರಟ ವಾಹನಕ್ಕೆ ಕಾಡಿನೊಳಗೆ ಪೆಟ್ರೋಲ್ ಬಂಕ್ ಸಿಗುವುದಿಲ್ಲ. ಎಚ್.ಡಿ. ಕೋಟೆಯಿಂದ ಬಾವಲಿ ಮೂಲಕ ಕೇರಳದ ಮಾನಂದವಾಡಿಗೆ ಸಾಗುವ ರಸ್ತೆಯ ಅರಣ್ಯ ಭಾಗದಲ್ಲಿಯೂ ಇದೇ ಸ್ಥಿತಿ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಂಚಾರ ನಿಷಿದ್ಧ. ಹಗಲಿನಲ್ಲಿಯೂ ನಡುವೆ ವಾಹನ ನಿಲ್ಲಿಸುವಂತಿಲ್ಲ. ಆನೆ, ಹುಲಿಗಳ ಈ ಸೀಮೆಯಲ್ಲಿ 50 ವರ್ಷ ಹಳೆಯ ಅಂಬಾಸಿಡರ್ ಅಥವಾ ಜೀಪೊಂದು ಪೆಟ್ರೋಲ್ ಮುಗಿದು ನಿಂತರೆ ಅದು ಬರೀ ತಮಾಷೆಯ ಸಂಗತಿಯಾಗಿ ಉಳಿಯುವುದಿಲ್ಲ. ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಟೈರುಗಳೂ ಹೊಸವು. ಆದರೆ ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮುಳ್ಳು ಮಾತ್ರ ಎಂದೋ ಮಲಗಿರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯಲ್ಲಿ ಹಳೆಯ ಜೀಪೊಂದು ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಶೆಡ್ಡಿನಲ್ಲಿ ನಿಂತಿರುವುದು ಅಪರೂಪದ ದೃಶ್ಯವೇನಲ್ಲ. ಅಜ್ಜನ ಕಾಲದ ಗಾಡಿಯನ್ನು ಗುಜರಿಗೆ ಹಾಕದೆ ಮತ್ತೆ ಓಡಿಸುವ ಹುಮ್ಮಸ್ಸು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಬಣ್ಣ, ಸೀಟು, ಕ್ರೋಮ್ ಪಟ್ಟಿಗಳಿಗೆ ಧಾರಾಳವಾಗಿ ಖರ್ಚು ಮಾಡುವ ಮಾಲೀಕರು ಪೆಟ್ರೋಲ್ ಮೀಟರಿನ ವಿಷಯಕ್ಕೆ ಬಂದಾಗ 'ಅದು ಹಾಳಾಗಿದೆ ಬಿಡಿ' ಎಂದು ಕೈಚೆಲ್ಲುತ್ತಾರೆ. ವಾಸ್ತವದಲ್ಲಿ ಬಹುಪಾಲು ಪ್ರಕರಣಗಳಲ್ಲಿ ಹಾಳಾಗಿರುವುದು ಮೀಟರ್ ಅಲ್ಲ. ದೋಷ ಇರುವುದು ಟ್ಯಾಂಕಿನ ಮೇಲೆ ಅಥವಾ ಎರಡರ ನಡುವಿನ ತಂತಿಯಲ್ಲಿ. ಅದನ್ನು ಪತ್ತೆ ಮಾಡಲು ಒಂದು ಮಲ್ಟಿಮೀಟರ್, ಒಂದು ತುಂಡು ತಂತಿ ಮತ್ತು ಸ್ವಲ್ಪ ತಾಳ್ಮೆ ಸಾಕು.

ಕಡ್ಡಿಯಿಂದ ಮುಳ್ಳಿನವರೆಗೆ

ಮೋಟಾರು ವಾಹನಗಳ ಆರಂಭ ಕಾಲದಲ್ಲಿ ಇಂಧನ ಮಾಪಕವೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಕಂಪನಿಯ ಪ್ರಸಿದ್ಧ ಟಿ ಮಾದರಿಯ ಬಹುತೇಕ ಕಾರುಗಳಲ್ಲಿ ಮುಂದಿನ ಸೀಟಿನ ಕೆಳಗೆ ಟ್ಯಾಂಕ್ ಇರುತ್ತಿತ್ತು. ಸೀಟು ಎತ್ತಿ, ಗುರುತು ಹಾಕಿದ ಮರದ ಕಡ್ಡಿಯನ್ನು ಇಳಿಬಿಟ್ಟು ನೋಡುವುದೇ ಅಳತೆ. ನಂತರ ಬಂದ ಎ ಮಾದರಿಯಲ್ಲಿ ಟ್ಯಾಂಕ್ ಡ್ಯಾಶ್‌ಬೋರ್ಡಿನ ಹಿಂದೆಯೇ ಇದ್ದುದರಿಂದ ಬೆಂಡಿನ ತೇಲುಗುಂಡು ನೇರವಾಗಿ ಅಂಕಿಯನ್ನು ತಿರುಗಿಸುತ್ತಿತ್ತು. ವಿದ್ಯುತ್ತಿನ ಗೊಡವೆಯೇ ಇರಲಿಲ್ಲ. 1920-30ರ ದಶಕಗಳ ಕೆಲವು ಅಮೆರಿಕನ್ ಕಾರುಗಳಲ್ಲಿ ಟ್ಯಾಂಕಿನಿಂದ ಬರುವ ಗಾಳಿಯ ಒತ್ತಡಕ್ಕೆ ಗಾಜಿನ ನಳಿಗೆಯಲ್ಲಿ ಕೆಂಪು ದ್ರವ ಏರುವ ವ್ಯವಸ್ಥೆಯೂ ಇತ್ತು. ಅಂಥ ಕಾರು ಸಿಕ್ಕವರು ಗಾಳಿಯ ಕೊಳವೆಯ ಸೋರಿಕೆಯನ್ನು ಮೊದಲು ಹುಡುಕಬೇಕು.

ಮೈಸೂರು ಸೀಮೆಯವರಿಗೆ ಮುಳ್ಳಿಲ್ಲದ ವಾಹನ ಹೊಸದೇನೂ ಅಲ್ಲ. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಲ್ಲಿ ಪೆಟ್ರೋಲ್ ಕಾಕ್ ತಿರುಗಿಸಿ 'ರಿಸರ್ವ್' ಹಾಕಿಕೊಳ್ಳುವುದೇ ರೂಢಿ. ಟ್ಯಾಂಕಿನೊಳಗೆ ಎತ್ತರದ ಕೊಳವೆಯ ಬಾಯಿಗಿಂತ ಕೆಳಗೆ ಪೆಟ್ರೋಲ್ ಇಳಿದಾಗ ಎಂಜಿನ್ ಮುಗ್ಗರಿಸುತ್ತದೆ. ಕಾಕ್ ತಿರುಗಿಸಿದರೆ ತಳದ ರಂಧ್ರದಿಂದ ಉಳಿದ ಪೆಟ್ರೋಲ್ ಹರಿಯುತ್ತದೆ. ಸರಳ, ಆದರೆ ನಂಬಿಕಸ್ಥ. ಈ ಅನುಕೂಲ ಸಾಮಾನ್ಯವಾಗಿ ಕಾರಿನಲ್ಲಿ ಇರುವುದಿಲ್ಲ. ಹೀಗಾಗಿ ಅಲ್ಲಿ ಮುಳ್ಳನ್ನೇ ನಂಬಬೇಕು.

ಮೂರು ಭಾಗಗಳ ಸಂಸಾರ

ವಿದ್ಯುತ್ ಮಾಪಕದಲ್ಲಿ ಮೂರು ಅಂಗಗಳಿವೆ. ಗ್ಯಾರೇಜುಗಳಲ್ಲಿ 'ಟ್ಯಾಂಕ್ ಯೂನಿಟ್' ಎಂದೇ ಕರೆಯಲಾಗುವ ಭಾಗ ಟ್ಯಾಂಕಿನ ಮೇಲೆ ಕುಳಿತಿರುತ್ತದೆ. ಅದರ ಉದ್ದನೆಯ ತೋಳಿನ ತುದಿಯಲ್ಲಿ ತೇಲುಗುಂಡು, ಅಂದರೆ ಫ್ಲೋಟ್. ಪೆಟ್ರೋಲಿನ ಮಟ್ಟಕ್ಕೆ ತಕ್ಕಂತೆ ತೋಳು ಏರಿಳಿದಾಗ, ಅದರ ಇನ್ನೊಂದು ತುದಿ ಸಣ್ಣ ತಂತಿಸುರುಳಿಯ ಮೇಲೆ ಉಜ್ಜುತ್ತಾ ವಿದ್ಯುತ್ ರೋಧವನ್ನು ಬದಲಿಸುತ್ತದೆ. ಎರಡನೆಯದು ಡ್ಯಾಶ್‌ಬೋರ್ಡಿನ ಮೀಟರ್. ಮೂರನೆಯದು ಇವೆರಡನ್ನೂ ಕೂಡಿಸುವ ತಂತಿ ಮತ್ತು ಗಾಡಿಯ ಬಾಡಿಯ ಮೂಲಕವೇ ಬ್ಯಾಟರಿಗೆ ಮರಳುವ 'ಅರ್ಥ್' ದಾರಿ. ಕಣ್ಣಿಗೆ ಕಾಣದ ಈ ಮೂರನೆಯದೇ ಹೆಚ್ಚಿನ ತಂಟೆಗೆ ಮೂಲ.

ಗಾಡಿಗೆ ಹೊಸ ಬಣ್ಣ ಬಳಿಸಿದ ಮೇಲೆ ಮುಳ್ಳು ಸತ್ತುಹೋಯಿತು ಎಂಬ ದೂರು ಸಾಮಾನ್ಯ. ಇದರಲ್ಲಿ ಆಶ್ಚರ್ಯವೇನಿಲ್ಲ. ಟ್ಯಾಂಕ್ ಯೂನಿಟ್ ತನ್ನ ಸ್ಕ್ರೂಗಳ ಮೂಲಕ ಟ್ಯಾಂಕಿಗೆ, ಟ್ಯಾಂಕ್ ತನ್ನ ಪಟ್ಟಿಗಳ ಮೂಲಕ ಬಾಡಿಗೆ ಅರ್ಥ್ ಆಗಬೇಕು. ನಡುವೆ ದಪ್ಪನೆಯ ಬಣ್ಣ, ತುಕ್ಕು, ಹೊಸ ರಬ್ಬರ್ ಪಟ್ಟಿ ಬಂದರೆ ದಾರಿ ಕಡಿಯುತ್ತದೆ. ಆದ್ದರಿಂದ ಬೇರೇನನ್ನೂ ಬಿಚ್ಚುವ ಮೊದಲು, ಕೀ ಆಫ್ ಮಾಡಿ, ಟ್ಯಾಂಕ್ ಯೂನಿಟ್‌ನ ಲೋಹದ ಭಾಗದಿಂದ ಚಾಸಿಯ ಕೆರೆದು ಸ್ವಚ್ಛಗೊಳಿಸಿದ ಜಾಗಕ್ಕೆ ಒಂದು ತುಂಡು ತಂತಿಯನ್ನು ಭದ್ರವಾಗಿ ಕಟ್ಟಿ, ಬಳಿಕ ಕೀ ಹಾಕಿ ನೋಡಬೇಕು. ಮುಳ್ಳು ಎದ್ದಿತೆಂದರೆ ಕೆಲಸ ಮುಗಿದಂತೆ. ಆ ತಂತಿಯನ್ನೇ ಅಚ್ಚುಕಟ್ಟಾಗಿ ಶಾಶ್ವತಗೊಳಿಸಿದರಾಯಿತು. ಹತ್ತು ರೂಪಾಯಿಯ ತಂತಿಯಲ್ಲಿ ಮುಗಿಯುವ ಕೆಲಸಕ್ಕೆ ಮೀಟರನ್ನೇ ಬದಲಿಸಿ, ಸಮಸ್ಯೆ ಹಾಗೆಯೇ ಉಳಿದಾಗ ತಲೆಯ ಮೇಲೆ ಕೈ ಹೊತ್ತು ಕೂರುವುದಕ್ಕಿಂತ ಇದು ಲೇಸು.

ಮುಳ್ಳಿನ ಜತೆಗೆ ವೈಪರ್, ಇಂಡಿಕೇಟರ್ ಕೂಡ ನಿಂತಿದ್ದರೆ ಫ್ಯೂಸ್ ನೋಡಬೇಕು. ಅದಕ್ಕೆ ಹೆಚ್ಚಿನ ವಿವರಣೆ ಬೇಡ.

ಎದ್ದು ನಿಲ್ಲುವ ಮುಳ್ಳು, ತೆವಳುವ ಮುಳ್ಳು

ಅರ್ಥ್ ಸರಿಯಿದ್ದೂ ಮುಳ್ಳು ಏಳದಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಕು. ಆದರೆ ಅದಕ್ಕೂ ಮೊದಲು ಗಾಡಿಯಲ್ಲಿರುವುದು ಯಾವ ಜಾತಿಯ ಮೀಟರ್ ಎಂಬುದು ತಿಳಿದಿರಬೇಕು. ಅನುಭವಿ ಮೆಕ್ಯಾನಿಕ್‌ಗಳೂ ಎಡವುವುದು ಇಲ್ಲಿಯೇ.

ಹಳೆಯ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಮೀಟರುಗಳಿವೆ. ಮೊದಲನೆಯದರಲ್ಲಿ ಎರಡು ತಂತಿಸುರುಳಿಗಳ ನಡುವೆ ಮೃದು ಕಬ್ಬಿಣದ ತುಣುಕಿದ್ದು, ಅದಕ್ಕೆ ಮುಳ್ಳು ಅಂಟಿಕೊಂಡಿರುತ್ತದೆ. ಎರಡು ಸುರುಳಿಗಳ ಕಾಂತ ಸೆಳೆತದ ಹಗ್ಗಜಗ್ಗಾಟದಲ್ಲಿ ಯಾವುದು ಗೆಲ್ಲುತ್ತದೋ ಅತ್ತ ಮುಳ್ಳು ವಾಲುತ್ತದೆ. ಕೀ ತಿರುಗಿಸಿದ ತಕ್ಷಣ ಈ ಮುಳ್ಳು ಚಂಗನೆ ಎದ್ದು ನಿಲ್ಲುತ್ತದೆ. ತಿರುವುಗಳಲ್ಲಿ ಪೆಟ್ರೋಲ್ ಅಲುಗಿದಂತೆಲ್ಲ ತಾನೂ ಓಲಾಡುತ್ತದೆ. ಎರಡನೆಯ ಬಗೆಯಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿದ್ದು, ಅದರ ಸುತ್ತಲಿನ ತಂತಿ ಕಾದಾಗ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಬಿಸಿಯಾಗಲು ಸಮಯ ಬೇಕಾದ್ದರಿಂದ ಮುಳ್ಳು ನಿಧಾನವಾಗಿ ತೆವಳುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲೂ ಅಲುಗಾಡದೆ ನಿಂತಿರುತ್ತದೆ. ಬ್ರಿಟಿಷ್ ಕಾರುಗಳಿಗೆ ಮೀಟರ್ ಪೂರೈಸುತ್ತಿದ್ದ ಸ್ಮಿತ್ಸ್ ಕಂಪನಿ 1960ರ ದಶಕದಲ್ಲಿ ಮೊದಲ ಬಗೆಯಿಂದ ಎರಡನೆಯದಕ್ಕೆ ಹೊರಳಿತು. ಮಾರಿಸ್ ಆಕ್ಸ್‌ಫರ್ಡ್ ಮೂಲದ ಅಂಬಾಸಿಡರ್ 2014ರವರೆಗೆ, ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಯಾರಾದ ಗಾಡಿ. ಅದರಲ್ಲಿ ಕಾಲಕ್ಕೆ ತಕ್ಕಂತೆ, ಹಿಂದಿನ ಮಾಲೀಕರ ರಿಪೇರಿಗೆ ತಕ್ಕಂತೆ ಏನು ಬೇಕಾದರೂ ಇರಬಹುದು. ಹೆಸರು ನೋಡಿ ಊಹಿಸುವುದಕ್ಕಿಂತ ಮುಳ್ಳಿನ ನಡೆ ನೋಡುವುದು ಒಳಿತು.

ಈ ಭೇದ ಏಕೆ ಮುಖ್ಯವೆಂದರೆ ಎರಡರ ಲೆಕ್ಕವೂ ತಿರುಗುಮುರುಗು. ಸ್ಮಿತ್ಸ್‌ನ ಹಳೆಯ ಕಾಂತ ಬಗೆಯಲ್ಲಿ ಟ್ಯಾಂಕ್ ಖಾಲಿಯಾದಾಗ ಟ್ಯಾಂಕ್ ಯೂನಿಟ್‌ನ ರೋಧ ಸೊನ್ನೆಯ ಹತ್ತಿರ, ಭರ್ತಿಯಾದಾಗ ಸುಮಾರು 70 ಓಮ್. ಬಿಸಿಯಾಗುವ ಬಗೆಯಲ್ಲಿ ಖಾಲಿಗೆ ಸುಮಾರು 240 ಓಮ್, ಭರ್ತಿಗೆ ಸುಮಾರು 30. ಅಮೆರಿಕದ ಗಾಡಿಗಳಲ್ಲಿ ಇನ್ನೊಂದು ಲೆಕ್ಕ: ಜನರಲ್ ಮೋಟಾರ್ಸ್‌ನ ಹಳೆಯ ಕಾರುಗಳಲ್ಲಿ ಖಾಲಿಗೆ 0, ಭರ್ತಿಗೆ 30. ಫೋರ್ಡ್‌ನಲ್ಲಿ ಖಾಲಿಗೆ 73, ಭರ್ತಿಗೆ 10.

ಮೀಟರಿನಿಂದ ಟ್ಯಾಂಕಿಗೆ ಹೋಗುವ ತಂತಿಯನ್ನು ಬಿಚ್ಚಿ ಬಾಡಿಗೆ ತಾಗಿಸಿದರೆ ಬಿಸಿಯಾಗುವ ಬಗೆಯ ಮುಳ್ಳು ಭರ್ತಿಯತ್ತ ಹೋಗುತ್ತದೆ. ಕಾಂತ ಬಗೆಯದು ಖಾಲಿಯತ್ತ ಬೀಳುತ್ತದೆ. ತಂತಿಯನ್ನು ಯಾವುದಕ್ಕೂ ತಾಗಿಸದೆ ಬಿಟ್ಟರೆ ಫಲಿತಾಂಶ ಅದಲುಬದಲು. ಈ ಸಂಗತಿ ತಿಳಿಯದೆ 'ತಾಗಿಸಿದರೂ ಮುಳ್ಳು ಏಳಲಿಲ್ಲ' ಎಂದು ಒಳ್ಳೆಯ ಮೀಟರನ್ನು ಗುಜರಿಗೆ ಎಸೆದ ಉದಾಹರಣೆಗಳು ಕಡಿಮೆಯಿಲ್ಲ.

ಈ ಪರೀಕ್ಷೆಯನ್ನು ಟ್ಯಾಂಕಿನ ಬಳಿ ಮಾಡುವುದಕ್ಕಿಂತ ಡ್ಯಾಶ್‌ಬೋರ್ಡಿನ ಹಿಂದೆ, ಮೀಟರಿನ ತುದಿಯಲ್ಲಿ ಮಾಡುವುದು ಕ್ಷೇಮ. ತಂತಿ ತಾಗಿಸುವಾಗ ಹಾರುವ ಕಿಡಿಗೂ ಪೆಟ್ರೋಲ್ ಆವಿಗೂ ಆಗಿಬರುವುದಿಲ್ಲ. ಟ್ಯಾಂಕಿನ ಬಳಿಯೇ ನೋಡಬೇಕಾದ ಪ್ರಸಂಗ ಬಂದರೆ ಕೀ ಆಫ್ ಇರುವಾಗಲೇ ತಂತಿಯನ್ನು ಕಟ್ಟಿ, ದೂರ ಸರಿದು, ಆಮೇಲೆ ಕೀ ಹಾಕಬೇಕು. ಬಿಸಿಯಾಗುವ ಬಗೆಯ ಮೀಟರನ್ನು ನೇರವಾಗಿ ಬಾಡಿಗೆ ತಾಗಿಸಿ ಹೆಚ್ಚು ಹೊತ್ತು ಬಿಟ್ಟರೆ ಒಳಗಿನ ಸೂಕ್ಷ್ಮ ತಂತಿ ಸುಟ್ಟುಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ 33 ಓಮ್ ರೆಸಿಸ್ಟರ್ ಮೂಲಕ ತಾಗಿಸಿದರೆ ಆ ಭಯವಿಲ್ಲ. ಮುಳ್ಳು ಸರಿಯಾಗಿ ಭರ್ತಿಯ ಗುರುತಿನ ಆಸುಪಾಸಿಗೆ ಬಂದು ನಿಲ್ಲಬೇಕು.

ಮೀಟರಿನ ತುದಿಯಲ್ಲಿ ಮುಳ್ಳು ಸರಿಯಾಗಿ ಸ್ಪಂದಿಸಿ, ಟ್ಯಾಂಕಿನ ತುದಿಯಲ್ಲಿ ಅದೇ ಪರೀಕ್ಷೆ ವಿಫಲವಾದರೆ ನಡುವಿನ ತಂತಿ ಕಡಿದಿದೆ ಎಂದರ್ಥ. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಇಲಿಯ ಕೆಲಸವೂ ಆಗಿರಬಹುದು. ಎರಡೂ ಕಡೆ ಸರಿಯಾದರೆ ಮೀಟರ್, ತಂತಿ ಎರಡೂ ನಿರಪರಾಧಿ. ಆಗ ಮಾತ್ರ ಟ್ಯಾಂಕ್ ಯೂನಿಟ್ ಬಿಚ್ಚಬೇಕು.

ಇನ್ನೊಂದು ಲಕ್ಷಣವನ್ನು ಗಮನಿಸಬೇಕು. ಪೆಟ್ರೋಲ್ ಮುಳ್ಳು ಮತ್ತು ಎಂಜಿನ್ ಬಿಸಿಯ ಮುಳ್ಳು ಎರಡೂ ಒಟ್ಟಿಗೇ ಹೆಚ್ಚು ತೋರಿಸುತ್ತಿದ್ದರೆ ತಪ್ಪು ವೋಲ್ಟೇಜ್ ಸ್ಟೆಬಿಲೈಸರಿನದು. ಬಿಸಿಯಾಗುವ ಬಗೆಯ ಸ್ಮಿತ್ಸ್ ಮೀಟರುಗಳಿಗೆ ಸರಾಸರಿ 10 ವೋಲ್ಟ್ ಮಾತ್ರ ಉಣಿಸುವ ಈ ಪುಟ್ಟ ಡಬ್ಬಿ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುತ್ತದೆ. ಅದಕ್ಕೂ ಸರಿಯಾದ ಅರ್ಥ್ ಬೇಕು.

ಬೆಂಡು ಕುಡಿದ ಪೆಟ್ರೋಲ್

ಟ್ಯಾಂಕ್ ಯೂನಿಟ್ ಹೊರತೆಗೆದ ಮೇಲೆ ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು ತೋಳನ್ನು ಮೆಲ್ಲಗೆ ಏರಿಸಿ ಇಳಿಸಬೇಕು. ಅಂಕಿ ಒಂದೇ ಸಮನೆ ಬದಲಾದರೆ ಸುರುಳಿ ಸರಿಯಿದೆ. ನಡುನಡುವೆ ನೆಗೆದರೆ ಅಥವಾ ಮಾಯವಾದರೆ ತಂತಿ ಸವೆದಿದೆ. ಗಾಡಿ ಓಡುವಾಗ ಮುಳ್ಳು ಒಂದೇ ಜಾಗದಲ್ಲಿ ಸಾಯುವುದಕ್ಕೆ ಇದೇ ಕಾರಣ. ಅಂಟಿದ ಕಿಲುಬನ್ನು ಮೆದು ಬ್ರಷ್ ಹಾಗೂ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೆಗೆಯಬಹುದು. ಮರಳುಕಾಗದ ಹಾಕಿದರೆ ಕೂದಲೆಳೆಯಂಥ ಆ ತಂತಿ ಉಳಿಯುವುದಿಲ್ಲ.

ತೇಲುಗುಂಡಿನದು ಬೇರೆ ಕಥೆ. ಹಿತ್ತಾಳೆಯ ಗುಂಡಾದರೆ ಬೆಸುಗೆಯ ಬಳಿ ಬಿರುಕು ಬಿಟ್ಟು ಒಳಗೆ ಪೆಟ್ರೋಲ್ ಸೇರಿರುತ್ತದೆ. ಕಿವಿಯ ಬಳಿ ಅಲುಗಿಸಿದರೆ ಸದ್ದು ಕೇಳುತ್ತದೆ. ಟ್ಯಾಂಕ್ ಭರ್ತಿಯಿದ್ದರೂ ಮುಳ್ಳು ಖಾಲಿ ತೋರಿಸುವುದು ಗುಂಡು ಮುಳುಗಿರುವುದರಿಂದ. ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಬಿಸಿ ನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಏಳುವ ಜಾಗವೇ ಬಿರುಕು. ಆದರೆ ಒಳಗೆ ತೊಟ್ಟು ಪೆಟ್ರೋಲ್ ಇರುವಾಗಲೂ ಅದಕ್ಕೆ ಬೆಸುಗೆ ಹಾಕುವಂತಿಲ್ಲ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದಂತೂ ಇನ್ನೂ ಅಪಾಯ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವುದು. ಈ ಕೆಲಸ ಬಲ್ಲವರಿಗೇ ಬಿಡಬೇಕು. ಇದರಲ್ಲಿ ಉಳಿತಾಯ ಸಲ್ಲದು.

ಬೆಂಡಿನ ಗುಂಡಿಗೆ ಈಗ ಹೊಸ ಶತ್ರು ಹುಟ್ಟಿಕೊಂಡಿದೆ. ಪೆಟ್ರೋಲ್ ಒಳನುಗ್ಗದಂತೆ ಹಿಂದಿನವರು ಬೆಂಡಿಗೆ ಅರಗಿನ ಲೇಪ ಹಾಕುತ್ತಿದ್ದರು. ಅರಗು ಪೆಟ್ರೋಲಿಗೆ ಕರಗುವುದಿಲ್ಲ, ಆದರೆ ಮದ್ಯಸಾರಕ್ಕೆ ಕರಗುತ್ತದೆ. ಪ್ರಧಾನಿ ನರೇಂದ್ರ ಮೋದಿ ಅವರು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಿದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಇದೇ ಸಾಮಾನ್ಯ ಪೆಟ್ರೋಲ್ ಆಗಿದೆ. ಲೇಪ ಕರಗಿದ ಬೆಂಡು ಪೆಟ್ರೋಲ್ ಕುಡಿದು ಭಾರವಾಗಿ ಅರ್ಧ ಮುಳುಗಿ ತೇಲುತ್ತದೆ. ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕರಗಿದ ಅರಗು ಕಾರ್ಬ್ಯುರೇಟರಿನ ಜೆಟ್‌ನಲ್ಲಿ ಕೂತು ಇನ್ನೊಂದು ತಾಪತ್ರಯ ತರುವುದು ಬೇರೆ. ಎಥೆನಾಲ್ ತೇವವನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕಿಗೂ ದಾರಿಯಾಗುತ್ತದೆ. ಪೆಟ್ರೋಲ್ ಹಾಗೂ ಎಥೆನಾಲ್ ಎರಡನ್ನೂ ತಾಳಿಕೊಳ್ಳುವ ನೈಟ್ರೈಲ್ ಫೋಮಿನ ಗುಂಡು ಹಾಕಿಸುವುದು ಸದ್ಯಕ್ಕಿರುವ ಉತ್ತಮ ಪರಿಹಾರ. ಟ್ಯಾಂಕಿನೊಳಗಿರುವ ಭಾಗವಾದ್ದರಿಂದ ಕಾರಿನ ಹಳೆಯ ಚೆಲುವಿಗೆ ಧಕ್ಕೆಯಿಲ್ಲ.

ಹೊಸ ಯೂನಿಟ್ ತಂದ ಆಪತ್ತು

ಬಿಡಿಭಾಗ ಸಿಗದಿದ್ದಾಗ ಬೇರೊಂದು ಗಾಡಿಯ ಟ್ಯಾಂಕ್ ಯೂನಿಟ್ ಕೂರಿಸುವ ಪದ್ಧತಿಯಿದೆ. ತೂತುಗಳು ಹೊಂದಿದರೆ ಸಾಕೆಂದು ಭಾವಿಸುವುದೇ ಇಲ್ಲಿನ ಪ್ರಮಾದ. ಕಾಂತ ಬಗೆಯ ಹಳೆಯ ಮೀಟರಿಗೆ 240-30 ಓಮ್‌ನ ಯೂನಿಟ್ ಜೋಡಿಸಿದರೆ ಏನಾಗುತ್ತದೆಂದು ನೋಡಿ. ಟ್ಯಾಂಕ್ ಭರ್ತಿಯಾದಾಗ 30 ಓಮ್ ಬರುವುದರಿಂದ ಮುಳ್ಳು ನಡುಮಧ್ಯದ ಆಸುಪಾಸಿನಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಇಳಿಯುತ್ತಾ ಹೋದಂತೆ ಮುಳ್ಳು ಏರುತ್ತಾ ಹೋಗುತ್ತದೆ. ಟ್ಯಾಂಕ್ ಪೂರ್ತಿ ಒಣಗಿದಾಗ ಭರ್ತಿಯ ಗುರುತನ್ನೂ ದಾಟಿರುತ್ತದೆ. ಸತ್ತ ಮುಳ್ಳಾದರೆ ಮಾಲೀಕ ಎಚ್ಚರದಿಂದಿರುತ್ತಾನೆ. ಸುಳ್ಳು ಹೇಳುವ ಮುಳ್ಳು ಅವನನ್ನು ಧೈರ್ಯವಾಗಿ ಕಾಡಿಗೆ ಕಳುಹಿಸುತ್ತದೆ. ಯೂನಿಟ್ ಕೊಳ್ಳುವಾಗ ಮಲ್ಟಿಮೀಟರ್ ಜೇಬಿನಲ್ಲಿರಲಿ. ಖಾಲಿ ಮತ್ತು ಭರ್ತಿಯ ಓಮ್ ಅಂಕಿಗಳು ಮೀಟರಿಗೆ ಹೊಂದದಿದ್ದರೆ ಅಂಗಡಿಯಲ್ಲಿಯೇ ಬಿಟ್ಟು ಬರುವುದು ವಾಸಿ.

ಜೀಪಿನ ಮಾಲೀಕರಿಗೆ ಮತ್ತೊಂದು ಎಚ್ಚರಿಕೆ. ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪುಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಸುಲಭಕ್ಕೆ ಸಿಗುತ್ತದೆಂದು 12 ವೋಲ್ಟ್ ಬ್ಯಾಟರಿ ಹಾಕಿಸಿ, ಮೀಟರನ್ನು ಹಾಗೆಯೇ ಬಿಟ್ಟರೆ ಅದು ಸುಟ್ಟುಹೋಗುವ ಸಂಭವವಿದೆ. ವೋಲ್ಟೇಜ್ ತಗ್ಗಿಸುವ ಸಾಧನವನ್ನು ನಡುವೆ ಹಾಕಿಸಬೇಕು. ಈ ಜೀಪುಗಳಲ್ಲಿ ಟ್ಯಾಂಕ್ ಚಾಲಕನ ಸೀಟಿನಡಿಯಲ್ಲಿಯೇ ಇರುವುದರಿಂದ ಯೂನಿಟ್ ತೆಗೆಯುವುದು ಸುಲಭ. ಆದರೆ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ಆವಿ ನೇರವಾಗಿ ಚಾಲಕನ ಮೂಗಿಗೇ ಬರುತ್ತದೆ.

ಇಷ್ಟೆಲ್ಲ ದುರಸ್ತಿಗೆ ಕಾನೂನಿನ ತೊಡಕೇನಾದರೂ ಇದೆಯೇ ಎಂಬ ಪ್ರಶ್ನೆ ಏಳಬಹುದು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು 'ವಿಎ' ಅಕ್ಷರಗಳಿರುವ ಪ್ರತ್ಯೇಕ ಸರಣಿಯಲ್ಲಿ ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20 ಸಾವಿರ ರೂ. ಶುಲ್ಕವಿದ್ದು, ಪ್ರಮಾಣಪತ್ರ 10 ವರ್ಷ ಊರ್ಜಿತ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬ ಷರತ್ತಿದೆ. ತೇಲುಗುಂಡು ಆ ಪಟ್ಟಿಯಲ್ಲಿಲ್ಲ. ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ನಿರ್ವಹಣೆಯಂಥ ಕೆಲವೇ ಉದ್ದೇಶಗಳಿಗೆ ರಸ್ತೆಗಿಳಿಸಬಹುದು. ಇಂಧನ ತುಂಬಿಸಿಕೊಳ್ಳಲು ಹೋಗುವುದಕ್ಕೂ ಅನುಮತಿಯಿದೆ ಎಂದು ನಿಯಮದಲ್ಲಿಯೇ ಬರೆದಿರುವುದು ಸ್ವಾರಸ್ಯಕರ. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳಿಗೆ ಈ ಚಿಂತೆ ಅಷ್ಟಾಗಿ ಇರಲಾರದು. ರಸ್ತೆಗಿಳಿಯುವ ಗಾಡಿಗಳ ಮಾತು ಬೇರೆ.

ಲೀಟರ್ ಲೆಕ್ಕದ ಕೊನೆಯ ಕೆಲಸ

ಮುಳ್ಳು ಎದ್ದ ಮಾತ್ರಕ್ಕೆ ಅದು ನಿಜ ಹೇಳುತ್ತಿದೆ ಎಂದು ತಿಳಿಯುವಂತಿಲ್ಲ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಟ್ಯಾಂಕ್ ಬರಿದು ಮಾಡಿ, ಐದೈದು ಲೀಟರ್ ಅಳೆದು ಹಾಕುತ್ತಾ ಪ್ರತಿ ಬಾರಿಯೂ ಮುಳ್ಳು ನಿಂತ ಜಾಗವನ್ನು ಬರೆದಿಟ್ಟುಕೊಳ್ಳಬೇಕು. ಸುತ್ತಮುತ್ತ ಬೀಡಿ, ಸಿಗರೇಟು, ಒಲೆ ಇರಕೂಡದು. ಟ್ಯಾಂಕಿನ ಆಕಾರ ಎಲ್ಲೆಡೆ ಒಂದೇ ಸಮನಾಗಿರದ ಕಾರಣ ಮುಳ್ಳು ಅರ್ಧದಲ್ಲಿರುವಾಗ ಪೆಟ್ರೋಲ್ ಸರಿಯಾಗಿ ಅರ್ಧ ಇರಬೇಕೆಂದೇನಿಲ್ಲ. ಖಾಲಿಯ ಗುರುತಿನ ಬಳಿ ಲೆಕ್ಕ ಕರಾರುವಾಕ್ಕಾಗಿದ್ದರೆ ಸಾಕು. ವ್ಯತ್ಯಾಸವಿದ್ದರೆ ಗುಂಡಿನ ತೋಳನ್ನು ಕೊಂಚ ಬಗ್ಗಿಸಿ ಸರಿಪಡಿಸಬಹುದು. ಐದು ಲೀಟರ್ ಉಳಿದಿರುವಾಗಲೇ ಮುಳ್ಳು ಖಾಲಿಗೆ ಬರುವಂತೆ ಮಾಡಿಕೊಳ್ಳುವುದು ಜಾಣತನ. ಸುಸ್ಥಿತಿಯ ಹಳೆಯ ಪೆಟ್ರೋಲ್ ಅಂಬಾಸಿಡರ್ ಲೀಟರಿಗೆ ಒಂಬತ್ತು-ಹತ್ತು ಕಿ.ಮೀ. ಓಡಿದರೂ ನಲವತ್ತು ಚಿಲ್ಲರೆ ಕಿ.ಮೀ. ಅವಕಾಶ ಉಳಿಯುತ್ತದೆ. ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಇಟ್ಟುಕೊಂಡು ತಿರುಗುವ ಅಪಾಯಕಾರಿ ಅಭ್ಯಾಸವೂ ಇದರಿಂದ ತಪ್ಪುತ್ತದೆ.

ಅಳತೆ ಮುಗಿದ ಮೇಲೆ ಮೊದಲ ಪ್ರಯಾಣವನ್ನು ಬಾವಲಿಯ ಕಡೆಗೆ ಇಟ್ಟುಕೊಳ್ಳುವುದು ಬೇಡ. ಮೈಸೂರಿನಿಂದ ಕೆ.ಆರ್. ನಗರದವರೆಗೆ, ಇಲ್ಲವೇ ಹುಣಸೂರು-ಪಿರಿಯಾಪಟ್ಟಣ ಹೆದ್ದಾರಿಯಲ್ಲಿ ಬೈಲಕುಪ್ಪೆಯವರೆಗೆ ಹೋಗಿಬಂದು, ಬಂಕಿನಲ್ಲಿ ಮತ್ತೆ ಭರ್ತಿ ಮಾಡಿಸಿ, ಎಷ್ಟು ಲೀಟರ್ ಹಿಡಿಯಿತೆಂಬುದನ್ನು ಮುಳ್ಳಿನ ಲೆಕ್ಕದೊಡನೆ ತಾಳೆ ನೋಡಬೇಕು. ಎರಡು-ಮೂರು ಬಾರಿ ತಾಳೆಯಾದ ಬಳಿಕ ಕಾಡಿನ ದಾರಿ ಹಿಡಿಯಬಹುದು. ಅಲ್ಲಿಯವರೆಗೆ, ಗುರುತು ಹಾಕಿದ ಮರದ ಕಡ್ಡಿಯೊಂದು ಡಿಕ್ಕಿಯಲ್ಲಿಯೇ ಇರಲಿ.